ಪಾಪಶಂಕೆಯ ಬೇನೆ ಬಲ್ಲ ವೈದ್ಯ: ಸಂತ ಅಲ್ಫೋನ್ಸ್ ಲಿಗೋರಿ



ಶನಿವಾರ ಸಂಜೆ ಪಾಪನಿವೇದನೆ ಮಾಡಿ ಹೋದವರು ಭಾನುವಾರ ಬಲಿಪೂಜೆಗೆ ಮುಂಚೆ ಮತ್ತೆ ಗುರುಗಳ ಮುಂದೆ ಬಂದು ನಿಲ್ಲುವುದನ್ನು ನೀವು ನೋಡಿರಬಹುದು. ಹೇಳಿದ್ದು ಸರಿಯಾಗಿ ಹೇಳಿದೆನೋ ಇಲ್ಲವೋ, ಒಂದು ಪಾಪ ಬಿಟ್ಟುಹೋಯಿತೋ ಏನೋ ಎಂಬ ಅಂಜಿಕೆ ಅವರದು. ಒಂದು ಮಣಿಯಲ್ಲಿ ಮನಸ್ಸು ಅತ್ತಿತ್ತ ಹರಿಯಿತೆಂದು ಇಡೀ ಜಪಸರವನ್ನು ಮೊದಲಿನಿಂದ ಹೇಳುವವರಿದ್ದಾರೆ. ಪರಮಪ್ರಸಾದ ಸ್ವೀಕರಿಸಲು ಹೆದರಿ ತಿಂಗಳುಗಟ್ಟಲೆ ಹಿಂದಿನ ಬೆಂಚಿನಲ್ಲೇ ಉಳಿಯುವವರಿದ್ದಾರೆ. ಅಂಥವರು ನಿಮ್ಮ ಮನೆಯಲ್ಲೇ ಇರಬಹುದು. ಕೆಲವರು ಇದನ್ನು ಮಹಾಭಕ್ತಿ ಎನ್ನುತ್ತಾರೆ, ಕೆಲವರು ಹುಚ್ಚು ಎನ್ನುತ್ತಾರೆ. ಎರಡೂ ಅಲ್ಲ. ಈ ಬೇನೆಯನ್ನು ಇನ್ನೂರೈವತ್ತು ವರ್ಷಗಳಿಗೂ ಹಿಂದೆ ಬಿಡಿಸಿ ನೋಡಿ, ಅದಕ್ಕೆ ಮದ್ದು ಬರೆದು, ತಾವೂ ಅದರಲ್ಲೇ ಬೆಂದ ಸಂತರೊಬ್ಬರಿದ್ದಾರೆ.

ಅಲ್ಫೋನ್ಸ್ ಲಿಗೋರಿಯವರು 1696ರ ಸೆಪ್ಟೆಂಬರ್ 27ರಂದು ಇಟಲಿಯ ನೇಪಲ್ಸ್ ಬಳಿಯ ಮರಿಯನೆಲ್ಲಾದಲ್ಲಿ ಹುಟ್ಟಿದರು. ತಂದೆ ನೌಕಾಪಡೆಯ ಅಧಿಕಾರಿ, ಬಿಗಿ ಶಿಸ್ತಿನವರು. ತಾಯಿ ಬಹು ದೈವಭಕ್ತೆ. ಹದಿನಾರನೆಯ ವಯಸ್ಸಿಗೇ ಮಗ ಕಾನೂನಿನಲ್ಲಿ ಡಾಕ್ಟರ್ ಪದವಿ ಪಡೆದು ವಕೀಲನಾದ. 1723ರಲ್ಲಿ ದೊಡ್ಡ ಮೊಕದ್ದಮೆಯೊಂದರಲ್ಲಿ ದಾಖಲೆಯ ವಿಷಯದಲ್ಲಿ ಮುಗ್ಗರಿಸಿ ಸೋತಾಗ ನ್ಯಾಯಾಲಯಕ್ಕೆ ಬೆನ್ನು ಮಾಡಿದವರು ಮತ್ತೆ ಅತ್ತ ಸುಳಿಯಲಿಲ್ಲ. ತಂದೆಯ ಕೋಪ, ಕಣ್ಣೀರು ಯಾವುದೂ ಅವರನ್ನು ತಡೆಯಲಿಲ್ಲ. 1726ರ ಡಿಸೆಂಬರ್‌ನಲ್ಲಿ, ಮೂವತ್ತರ ವಯಸ್ಸಿನಲ್ಲಿ, ಗುರುದೀಕ್ಷೆ ಪಡೆದರು.

ನೇಪಲ್ಸಿನ ಬೀದಿಗಳಲ್ಲಿ ಕೂಲಿಗಳು, ಬಡವರು ಸಂಜೆ ಹೊತ್ತು ಅವರ ಸುತ್ತ ಸೇರುತ್ತಿದ್ದರು. ಆಮೇಲೆ ಬೆಟ್ಟದ ಮೇಲಿನ ಸ್ಕಾಲಾ ಎಂಬ ಊರಿನ ಕಡೆ ಹೋದಾಗ, ದೇವರ ವಿಷಯ ಹೇಳುವವರೇ ಇಲ್ಲದ ಮೇಕೆ ಕಾಯುವ ಜನರನ್ನು ಕಂಡರು. ಅವರಿಗಾಗಿಯೇ 1732ರಲ್ಲಿ ರಿಡೆಂಪ್ಟರಿಸ್ಟ್ ಸಭೆಯನ್ನು ಸ್ಥಾಪಿಸಿದರು. ನಮ್ಮ ಬೆಂಗಳೂರಿನಲ್ಲೂ ಸೇವೆ ಮಾಡುತ್ತಿರುವ ಸಭೆ ಅದೇ.

ಅವರ ಕಾಲದಲ್ಲಿ ಕಠೋರ ಬೋಧನೆಯ ಗಾಳಿ ಬಲವಾಗಿ ಬೀಸುತ್ತಿತ್ತು. ಅವರಿಗೆ ಗುರು ತರಬೇತಿಯಲ್ಲಿ ಕಲಿಸಿದ ನೀತಿ ದೈವಶಾಸ್ತ್ರದ ಪುಸ್ತಕವೂ ಕಠೋರವೇ. ಸಣ್ಣ ಸಂಶಯ ಬಂದರೂ ಪಾಪಕ್ಷಮೆ ಕೊಡದೆ ಕಳಿಸುವ ಗುರುಗಳಿದ್ದರು. ಆದರೆ ಪಾಪನಿವೇದನೆಯ ಪೀಠದಲ್ಲಿ ಗಂಟೆಗಟ್ಟಲೆ ಕೂತ ಮೇಲೆ ಅಲ್ಫೋನ್ಸರಿಗೆ ಗೊತ್ತಾಯಿತು: ಈ ಪುಸ್ತಕ ರೋಗಿಯನ್ನು ಗುಣಪಡಿಸುವುದಿಲ್ಲ, ಓಡಿಸುತ್ತದೆ. ಆಗ ಅವರು ಮತ್ತೆ ವಿದ್ಯಾರ್ಥಿಯಾದರು. ಲೇಖಕರನ್ನು ಒಬ್ಬೊಬ್ಬರನ್ನಾಗಿ ಓದಿ, ತೂಗಿ, 1748ರಲ್ಲಿ ತಮ್ಮ ನೀತಿ ದೈವಶಾಸ್ತ್ರದ ಗ್ರಂಥವನ್ನು ಹೊರತಂದರು. ಅವರು ಬದುಕಿರುವಾಗಲೇ ಅದು ಒಂಬತ್ತು ಮುದ್ರಣ ಕಂಡಿತು. ತಿದ್ದುವುದನ್ನೂ ಸೇರಿಸುವುದನ್ನೂ ಅವರು ಬಿಡಲೇ ಇಲ್ಲ. ಮೂರು ದಿನದ ಶಿಬಿರದ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ತಾವಿನ್ನು ಆಪ್ತಸಲಹೆಗಾರರೆನ್ನುವ ನಮ್ಮವರು ಈ ಒಂಬತ್ತು ಮುದ್ರಣಗಳ ಕಡೆ ಒಮ್ಮೆ ನೋಡಬೇಕು.

1755ರಲ್ಲಿ ಪಾಪನಿವೇದನೆ ಕೇಳುವ ಗುರುಗಳಿಗೆಂದೇ ಒಂದು ಕೈಪಿಡಿ ಬರೆದರು. ಅದರಲ್ಲಿ ಗುರುವಿಗೆ ನಾಲ್ಕು ಹೊಣೆ: ತಂದೆ, ವೈದ್ಯ, ಬೋಧಕ, ನ್ಯಾಯಾಧೀಶ. ನ್ಯಾಯಾಧೀಶನನ್ನು ಕೊನೆಗೆ ಇಟ್ಟದ್ದನ್ನು ಗಮನಿಸಿ, ಅದೂ ಒಬ್ಬ ಮಾಜಿ ವಕೀಲರು!

ವೈದ್ಯನ ಕಣ್ಣಿನಿಂದಲೇ ಅವರು ಪಾಪಶಂಕೆಯನ್ನು ಪರೀಕ್ಷಿಸುತ್ತಾರೆ. ಸೂಕ್ಷ್ಮ ಮನಸ್ಸಾಕ್ಷಿ ಬೇರೆ, ಶಂಕೆಯ ಮನಸ್ಸಾಕ್ಷಿ ಬೇರೆ. ಸೂಕ್ಷ್ಮ ಮನಸ್ಸಿನವರು ನಿಜವಾದ ತಪ್ಪಿಗೆ ಮರುಗುತ್ತಾರೆ, ಕ್ಷಮೆ ಸಿಕ್ಕಾಗ ಸಮಾಧಾನಗೊಳ್ಳುತ್ತಾರೆ. ಶಂಕೆ ಹಿಡಿದವರಿಗೆ ಪಾಪವಿಲ್ಲದ ಕಡೆಯೂ ಪಾಪ ಕಾಣುತ್ತದೆ. ಒಬ್ಬ ಗುರುವಿನ ಮಾತು ಸಾಲದೆಂದು ಇನ್ನೊಬ್ಬರನ್ನು ಹುಡುಕುತ್ತಾರೆ, ಯಾರ ಮಾತಿನಲ್ಲೂ ನೆಲೆಗೊಳ್ಳುವುದಿಲ್ಲ. ಇಂಥವರಿಗೆ ಅಲ್ಫೋನ್ಸರ ಚಿಕಿತ್ಸೆ ಹೀಗೆ: ಒಬ್ಬರೇ ಗುರುವಿನ ಮಾತಿಗೆ ವಿಧೇಯರಾಗಬೇಕು, ಹಿಂದಿನ ಪಾಪಗಳನ್ನು ಮತ್ತೆ ಕೆದಕಬಾರದು, ಭಯವಿದ್ದರೂ ಭಯಕ್ಕೆ ವಿರುದ್ಧವಾಗಿಯೇ ನಡೆಯಬೇಕು. ಗುರು ದೃಢವಾಗಿ ಮಾತಾಡಬೇಕು, ತಡವರಿಸಬಾರದು. ಬೇನೆ ಹೆಚ್ಚಾಗಿರುವವರು ಭಯ ಹುಟ್ಟಿಸುವ ಪ್ರಸಂಗಗಳನ್ನು ಕೇಳುವುದನ್ನು ತಡೆಯಬೇಕೆಂದೂ ಬರೆದಿದ್ದಾರೆ. ಹದಿನೆಂಟನೇ ಶತಮಾನದ ಗುರುವೊಬ್ಬರು ಪ್ರಸಂಗಕ್ಕೆ ಹೋಗಬೇಡವೆಂದು ಹೇಳುವುದು ಸಣ್ಣ ಮಾತಲ್ಲ.

ಇಂದಿನ ಮನೋವೈದ್ಯರು ಇಂಥ ತೀವ್ರ ಪಾಪಶಂಕೆಯನ್ನು ಗೀಳು ಮನೋರೋಗದ ಒಂದು ರೂಪವೆಂದು ಗುರುತಿಸುತ್ತಾರೆ. ಕೈಯನ್ನು ಮತ್ತೆ ಮತ್ತೆ ತೊಳೆಯುವವರ ಬೇನೆಯೂ ಇದೇ ಜಾತಿಯದು. ಭಯ ಹುಟ್ಟಿಸುವ ಸನ್ನಿವೇಶವನ್ನು ಹಂತಹಂತವಾಗಿ ಎದುರಿಸಿ, ಗೀಳಿನ ಕ್ರಿಯೆಯನ್ನು ಮಾಡದೆ ತಡೆದುಕೊಳ್ಳುವ ಅಭ್ಯಾಸ ಅದರ ಮುಖ್ಯ ಚಿಕಿತ್ಸೆಗಳಲ್ಲೊಂದು. 1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞರೊಬ್ಬರು ಇದರ ಫಲವನ್ನು ವರದಿ ಮಾಡಿದರು. ಅಲ್ಫೋನ್ಸರು ಮನೋವೈದ್ಯರಾಗಿರಲಿಲ್ಲ, ಆದರೂ ಅವರ ಸಲಹೆ ಇದಕ್ಕೆ ಎಷ್ಟು ಹತ್ತಿರವಾಗಿದೆ ನೋಡಿ. ಈಗ ಔಷಧಿಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ. ಮನೆಯವರು ರೋಗಿಗೆ ದಿನಕ್ಕೆ ಇಪ್ಪತ್ತು ಸಲ ನೀನು ಪಾಪ ಮಾಡಿಲ್ಲ ಎಂದು ಸಮಾಧಾನ ಹೇಳುತ್ತಾ ಕೂತರೆ ಗೀಳು ಬಲಿಯುತ್ತದೆ. ನಂಬಿಕೆ ಸಾಲದೆಂದು ಗದರಿದರಂತೂ ಗಾಯದ ಮೇಲೆ ಬರೆ ಎಳೆದಂತೆ. ಪಾಪನಿವೇದನೆ ಕೇಳುವ ಗುರುಗಳೂ ವೈದ್ಯರೂ ಪರಸ್ಪರ ಕೆಲಸವನ್ನು ಅರಿತು ನಡೆದರೆ ರೋಗಿಗೆ ಎಷ್ಟೋ ನೆಮ್ಮದಿ.

1762ರಲ್ಲಿ, ಅರವತ್ತಾರು ಸಮೀಪಿಸಿದ್ದ ಅಲ್ಫೋನ್ಸರನ್ನು ಸಾಂತ್ ಅಗಾತಾ ದೇಯಿ ಗೋತಿಯ ಧರ್ಮಾಧ್ಯಕ್ಷರನ್ನಾಗಿ ನೇಮಿಸಲಾಯಿತು. ಬೇಡವೆಂದರೂ ಬಿಡಲಿಲ್ಲ. ತಮ್ಮ ಗುರುಗಳು ಆಗಾಗ ಕೂಡಿ, ಪಾಪನಿವೇದನೆಯಲ್ಲಿ ಎದುರಾಗಬಹುದಾದ ಕಷ್ಟದ ಪ್ರಸಂಗಗಳನ್ನು ಚರ್ಚಿಸುತ್ತಾ ಕಲಿಕೆ ಮುಂದುವರಿಸುವಂತೆ ಮಾಡಿದರು. 1764ರ ಬರಗಾಲದಲ್ಲಿ ತಮ್ಮ ಸಾರೋಟನ್ನೂ ಮಾರಿ ಬಡವರಿಗೆ ಉಣಿಸಿದರು. 1768ರಲ್ಲಿ ಕೀಲುವಾತ ಬಡಿದು ಕತ್ತು ಬಾಗಿ, ಗದ್ದ ಎದೆಗೆ ಒತ್ತಿ ಹುಣ್ಣಾಯಿತು. ಅಂಥ ಸ್ಥಿತಿಯಲ್ಲೂ ಸೇವೆ ನಡೆಸಿ 1775ರಲ್ಲಿ ಪದವಿಯಿಂದ ಬಿಡುಗಡೆ ಪಡೆದು ಪಗಾನಿಯ ಮಠಕ್ಕೆ ಮರಳಿದರು.

ಆದರೆ ಅವರ ಸ್ವಂತ ಬೇನೆ? ಯೌವನದಿಂದಲೂ ಶಂಕೆ ಅವರನ್ನು ಕಾಡುತ್ತಿತ್ತು. ಆತ್ಮನಿರ್ದೇಶಕರ ಸೂಚನೆಗಳನ್ನು ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಕತ್ತಲು ಕವಿದಾಗ ಅದನ್ನೇ ಹಿಡಿದು ನಡೆದರು. 1784-85ರಲ್ಲಿ, ತೊಂಬತ್ತರ ಹೊಸ್ತಿಲಲ್ಲಿ, ಸುಮಾರು ಒಂದೂವರೆ ವರ್ಷ ಆ ಬಿರುಗಾಳಿ ಮತ್ತೆ ಎದ್ದಿತು. ಸಾವಿರಾರು ಜನರಿಗೆ ಧೈರ್ಯ ಹೇಳಿದ್ದ ಮುದುಕರು ರಾತ್ರಿಯ ಹೊತ್ತು ಮಠದ ಗುರುಗಳನ್ನು ಕರೆಸಿ, ತಾನು ದೇವರನ್ನು ಕಳೆದುಕೊಂಡೆನೇ ಎಂದು ಮಗುವಿನಂತೆ ಕೇಳುತ್ತಿದ್ದರು. ಆಗ ತಮ್ಮ ಪುಸ್ತಕದ ಪಾಂಡಿತ್ಯವನ್ನು ಮುಂದೆ ತರಲಿಲ್ಲ. ಗುರುಗಳು ಹೇಳಿದ್ದಕ್ಕೆ ಬಾಗಿ, ಅವರ ಮಾತಿನ ಮೇಲೆಯೇ ಪರಮಪ್ರಸಾದ ಸ್ವೀಕರಿಸಿದರು. ನಿಧಾನವಾಗಿ ಗಾಳಿ ತಗ್ಗಿತು.

1787ರ ಆಗಸ್ಟ್ 1ರಂದು ಪಗಾನಿಯಲ್ಲಿ, ಮಧ್ಯಾಹ್ನದ ತ್ರಿಕಾಲ ಪ್ರಾರ್ಥನೆಯ ಗಂಟೆ ಬಾರಿಸುವ ಹೊತ್ತಿಗೆ, ಅವರು ಶಾಂತವಾಗಿ ಕಣ್ಣುಮುಚ್ಚಿದರು. 1839ರಲ್ಲಿ ಸಂತರ ಸಾಲಿಗೆ ಸೇರಿದರು. 1950ರಲ್ಲಿ ಹನ್ನೆರಡನೇ ಪಿಯುಸ್ ಪೋಪರು ಅವರನ್ನು ಪಾಪನಿವೇದನೆ ಕೇಳುವ ಗುರುಗಳೆಲ್ಲರ ಪಾಲಕ ಸಂತರೆಂದು ಘೋಷಿಸಿದರು.