ಪುರಂದರದಾಸರು ಮತ್ತು ನಮ್ಮ ಮನೆಯ ಮಗು

ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಕ್ಕನ ಮಗಳಿಗೆ ದೇವರ ಹಾಡು ಹೇಳಿಕೊಡುವ ಕೆಲಸ ನನ್ನದು. ಒಂದು ದಿನ ಆಕೆ, ಲಂಬೋದರನೆಂದರೆ ಯಾರು ಮಾಮ ಎಂದು ಕೇಳಿದಳು. ನನಗೆ ಪರೀಕ್ಷೆಯ ಅವಸರ. ಮೊದಲು ಬಾಯಿಪಾಠ ಮಾಡು, ಅರ್ಥ ಆಮೇಲೆ ಎಂದು ಗದರಿಬಿಟ್ಟೆ. ಮಗು ಆ ಸಂಜೆ ಮತ್ತೆ ಹಾಡಲಿಲ್ಲ. ಆ ಅಳುಕಿನಿಂದಲೇ ಆ ಪಿಳ್ಳಾರಿ ಗೀತೆಯನ್ನು ನಮಗಿತ್ತ ಪುರಂದರದಾಸರ ಚರಿತ್ರೆಯನ್ನು ಓದತೊಡಗಿದೆ.

ದಾಸರ ಕಾಲ 1484ರಿಂದ 1564 ಎಂದು ಬಲ್ಲವರ ಮತ. ಹುಟ್ಟೂರು ಪುರಂದರಗಡವೋ ತೀರ್ಥಹಳ್ಳಿಯ ಸೀಮೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮೊದಲು ಅವರು ಶ್ರೀನಿವಾಸ ನಾಯಕರೆಂಬ ಸಿರಿವಂತ ವ್ಯಾಪಾರಿ. ಬಡವನೊಬ್ಬನಿಗೆ ಪತ್ನಿ ದಾನವಿತ್ತ ಮೂಗುತಿಯೇ ಅವರ ಕಣ್ಣು ತೆರೆಸಿತೆಂದು ಪ್ರತೀತಿ. ಇದ್ದುದನ್ನೆಲ್ಲ ತೊರೆದು ವಿಜಯನಗರಕ್ಕೆ ಬಂದರು, ವ್ಯಾಸರಾಯರ ಶಿಷ್ಯರಾದರು, ಪುರಂದರವಿಠಲನ ಅಂಕಿತದಲ್ಲಿ ಹಾಡುತ್ತ ಬಾಳಿದರು. ಹಂಪೆಯಲ್ಲಿ ತುಂಗಭದ್ರೆಯ ದಡದ ಮೇಲೆ ಅವರ ಹೆಸರಿನ ಮಂಟಪವನ್ನು ಇಂದಿಗೂ ಕಾಣಬಹುದು.

ವೇದಾಂತವೆಂದರೆ ಸಂಸ್ಕೃತವೇ ಎಂದು ವಿದ್ವಾಂಸರು ನಂಬಿದ್ದ ಕಾಲದಲ್ಲಿ ದಾಸರು ಅದನ್ನು ಮನೆಮಾತಿನ ಕನ್ನಡಕ್ಕೆ ತಂದರು. ಆ ಪದಗಳನ್ನು ವ್ಯಾಸರಾಯರು ಪುರಂದರೋಪನಿಷತ್ತೆಂದು ಗೌರವಿಸಿದರೆಂದು ಸಂಪ್ರದಾಯ ಹೇಳುತ್ತದೆ. ಸಂಗೀತದಲ್ಲಿಯೂ ಅವರದು ಮಕ್ಕಳ ಹೆಜ್ಜೆಯ ಅಳತೆಯೇ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಮಲಹರಿಯಲ್ಲಿ ಪುಟ್ಟ ಗೀತೆಗಳು: ಈ ಪಾಠಕ್ರಮ ಅವರದೆಂದೇ ಪ್ರಸಿದ್ಧಿ. ಇನ್ನು, ಗುಮ್ಮನನ್ನು ಕರೆಯಬೇಡವೆಂದು ಕೃಷ್ಣನು ತಾಯಿಯನ್ನು ಬೇಡಿಕೊಳ್ಳುವ ಹಾಡನ್ನು ನೋಡಿ. ಕತ್ತಲೆಗೆ ಹೆದರುವ ಮಗುವಿಗೆ ದೇವರೂ ತನ್ನಂತೆಯೇ ಹೆದರುತ್ತಾನೆಂದು ತಿಳಿದಾಗ, ಆತ ದೂರದವನಾಗಿ ಉಳಿಯುವುದಿಲ್ಲ. ಮಗು ಬಲ್ಲ ಮಾತಿನಿಂದ ಹೊರಟು ಅದು ಅರಿಯದ ಕಡೆಗೆ ಕೈಹಿಡಿದು ನಡೆಸುವುದೇ ದಾಸರ ಬೋಧನೆಯ ಗುಟ್ಟೆಂದು ನನಗೆ ಆಗ ಹೊಳೆಯಿತು.

ಮರುದಿನ ಸಂಜೆ ಮಗುವಿನ ಕೈಯನ್ನು ಗೂಡಿನಲ್ಲಿದ್ದ ಮಣ್ಣಿನ ಗಣಪನ ಹೊಟ್ಟೆಗೆ ಮುಟ್ಟಿಸಿ, ಲಂಬೋದರನೆಂದರೆ ದೊಡ್ಡ ಹೊಟ್ಟೆಯವನು ಎಂದೆ. ಆಕೆ ನಕ್ಕಳು. ಹಾಗಾದರೆ ಇವನಿಗೆ ಬಹಳ ಹಸಿವಾಗುತ್ತದಲ್ಲವೇ ಎಂದು ಕೇಳಿ, ತಾನು ತಿನ್ನುತ್ತಿದ್ದ ಬೆಲ್ಲದ ಚೂರನ್ನು ಅವನ ಮುಂದಿಟ್ಟಳು. ಹಾಗೆ ಇಡೆಂದು ನಾವಾರೂ ಹೇಳಿರಲಿಲ್ಲ. ಆ ಹೊಟ್ಟೆಯೊಳಗೆ ಬ್ರಹ್ಮಾಂಡವೇ ಅಡಗಿದೆಯೆಂಬ ತತ್ತ್ವ ದೊಡ್ಡವಳಾದ ಮೇಲೆ ತಿಳಿದೀತು. ಇಂದಿಗೆ ಆ ಬೆಲ್ಲದ ಚೂರು ಸಾಕು. ಗದರಿಕೆಯಿಂದ ಮುಚ್ಚಿದ ಬಾಯಿಯನ್ನು ದಾಸರೇ ತೆರೆಸಿದರೆಂದು ನಾನು ಭಾವಿಸಿದ್ದೇನೆ.