ಕಾಗದ ಕೈಯಲ್ಲಿತ್ತು, ದನಿ ಮಾತ್ರ ಬರಲಿಲ್ಲ



ನನ್ನ ಕೆಲಸ ಸಾಫ್ಟ್‌ವೇರ್. ಕಂಪ್ಯೂಟರ್ ಮುಂದೆ ಕೂತರೆ ಎಂಟು ಗಂಟೆ ಅಲ್ಲಾಡದೆ ಕೂತಿರುತ್ತೇನೆ. ಆದರೆ ಅದೇ ಕೆಲಸದ ಬಗ್ಗೆ ಹತ್ತು ಜನರೆದುರು ನಿಂತು ಹದಿನೈದು ನಿಮಿಷ ಮಾತಾಡು ಅಂದರೆ ಹಿಂದಿನ ರಾತ್ರಿಯಿಂದಲೇ ಹೊಟ್ಟೆ ಕಲಸಿದ ಹಾಗಾಗುತ್ತದೆ. ಒಂದು ಸಲವಂತೂ ಮೂರನೇ ಸ್ಲೈಡಿಗೇ ಗಂಟಲು ಕಟ್ಟಿ, ಉಳಿದ ಸ್ಲೈಡುಗಳನ್ನು ಪಕ್ಕದಲ್ಲಿದ್ದ ಸಹೋದ್ಯೋಗಿ ಓದಿ ಮುಗಿಸಬೇಕಾಯಿತು. ಎಂ.ಟೆಕ್. ಮಾಡಿ ಏನು ಬಂತು ಅಂತ ಅವತ್ತು ಸಂಜೆ ಓ.ಎಂ.ಆರ್. ಟ್ರಾಫಿಕ್‌ನಲ್ಲಿ ಕೂತು ಕಣ್ಣೊರೆಸಿಕೊಂಡಿದ್ದೆ.

ಆಮೇಲೆ ಕೆಲವು ದಿನಕ್ಕೆ ಗಾಂಧೀಜಿಯವರ ಆತ್ಮಕಥೆ ಮತ್ತೆ ಕೈಗೆ ಬಂತು. ಅಕ್ಟೋಬರ್ 2ರಂದು ಶಾಲೆಯಲ್ಲಿ ಭಾಷಣ ಬಾಯಿಪಾಠ ಮಾಡಿ ಒಪ್ಪಿಸಿದವರೇ ನಾವೆಲ್ಲ. ಆದರೆ ನಾವು ಯಾರ ಮೇಲೆ ಭಾಷಣ ಮಾಡುತ್ತಿದ್ದೆವೋ ಅವರಿಗೇ ಭಾಷಣ ಅಂದರೆ ಕೈಕಾಲು ನಡುಗುತ್ತಿತ್ತು ಅನ್ನುವುದನ್ನು ಯಾವ ಟೀಚರೂ ನಮಗೆ ಹೇಳಿರಲಿಲ್ಲ. ಆ ಕಥೆಯಲ್ಲಿ ನಮ್ಮ ಚೆನ್ನೈಗೂ ಒಂದು ಒಳ್ಳೆಯ ಪಾಲಿದೆ. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅನ್ನಿಸಿತು.

ಮೋಹನದಾಸ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ಬಹಳ ನಾಚಿಕೆಯ ಹುಡುಗ. ಗಂಟೆ ಹೊಡೆಯುವ ಹೊತ್ತಿಗೆ ಶಾಲೆಗೆ ಹೋಗುವುದು, ಶಾಲೆ ಬಿಟ್ಟ ತಕ್ಷಣ ಮನೆಗೆ ಓಡಿ ಬರುವುದು. ನಡೆದು ಬಂದರೆ ಯಾರಾದರೂ ಮಾತಿಗೆ ಸಿಕ್ಕಿಬಿಡುತ್ತಾರೆ, ತನ್ನನ್ನು ಗೇಲಿ ಮಾಡುತ್ತಾರೆ ಅನ್ನುವ ಭಯ. 1888ರಲ್ಲಿ ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೊರಟಾಗ ರಾಜಕೋಟೆಯ ಹೈಸ್ಕೂಲಿನವರು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಕೃತಜ್ಞತೆ ಹೇಳಲು ನಾಲ್ಕು ಮಾತು ಬರೆದುಕೊಂಡು ಹೋಗಿದ್ದರು. ಓದಲು ನಿಂತಾಗ ತಲೆ ಸುತ್ತಿತು, ಮೈಯೆಲ್ಲ ನಡುಗಿತು. ಹೇಗೋ ತೊದಲಿ ಮುಗಿಸಿದರು.

ಲಂಡನ್ನಿಗೆ ಹೋದ ಮೇಲಾದರೂ ಸರಿಹೋಯಿತೇ ಅಂದರೆ ಅದೂ ಇಲ್ಲ. ಅಲ್ಲಿ ಸಸ್ಯಾಹಾರಿಗಳ ಸಂಘ ಸೇರಿ, ಅದರ ಕಾರ್ಯಕಾರಿ ಸಮಿತಿಯ ಸದಸ್ಯರೂ ಆದರು. ಪ್ರತಿ ಮೀಟಿಂಗಿಗೂ ತಪ್ಪದೆ ಹೋಗುವರು, ಆದರೆ ಬಾಯಿ ಬಿಡುತ್ತಿರಲಿಲ್ಲ. ಮಾತಾಡೋಣ ಅಂತ ಧೈರ್ಯ ತಂದುಕೊಳ್ಳುವಷ್ಟರಲ್ಲಿ ಚರ್ಚೆ ಮುಂದಿನ ವಿಷಯಕ್ಕೆ ಹೋಗಿಬಿಟ್ಟಿರುತ್ತಿತ್ತು. ಮ್ಯೂಟ್ ಬಟನ್ ತೆಗೆಯೋಣ ಅನ್ನುವಷ್ಟರಲ್ಲಿ ಮೀಟಿಂಗ್ ಮುಗಿಯುತ್ತದಲ್ಲ, ನಮ್ಮದೂ ಅದೇ ಪಾಡು.

ಆ ಸಮಿತಿಯಲ್ಲಿ ಒಮ್ಮೆ ಜಗಳ ಎದ್ದಿತು. ಡಾ. ಅಲಿನ್ಸನ್ ಎಂಬ ಸದಸ್ಯರು ಸಂತಾನ ನಿಯಂತ್ರಣದ ಪರ ಪ್ರಚಾರ ಮಾಡುತ್ತಿದ್ದರು. ಅಧ್ಯಕ್ಷರಾದ ಹಿಲ್ಸ್ ಅವರು ದೊಡ್ಡ ಉದ್ಯಮಿ, ಸಂಘ ನಡೆಯುತ್ತಿದ್ದುದೇ ಬಹುಮಟ್ಟಿಗೆ ಅವರ ಹಣದಿಂದ. ಅಲಿನ್ಸನ್ ಅವರನ್ನು ಸಂಘದಿಂದ ತೆಗೆಯಬೇಕೆಂದು ಅವರ ಪಟ್ಟು. ಅಲಿನ್ಸನ್ ಅಭಿಪ್ರಾಯವನ್ನು ಗಾಂಧಿ ಒಪ್ಪುತ್ತಿರಲಿಲ್ಲ. ಆದರೆ ಸಸ್ಯಾಹಾರಕ್ಕೆ ಸಂಬಂಧವಿಲ್ಲದ ಅಭಿಪ್ರಾಯಕ್ಕಾಗಿ ಒಬ್ಬರನ್ನು ಸಂಘದಿಂದ ಹೊರಹಾಕುವುದು ಅನ್ಯಾಯ ಅಂತ ಅವರಿಗೆ ಖಚಿತವಾಗಿ ಅನ್ನಿಸಿತು. ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ, ಎದ್ದು ಹೇಳಲು ದನಿ ಇರಲಿಲ್ಲ. ಬರೆದುಕೊಂಡು ಹೋದರು. ಓದುವ ಧೈರ್ಯವೂ ಬರಲಿಲ್ಲ, ಬೇರೊಬ್ಬರು ಓದಿದರು. ಅಲಿನ್ಸನ್ ಪಕ್ಷ ಸೋತಿತು. ಆದರೂ ನ್ಯಾಯದ ಕಡೆ ನಿಂತೆ ಅನ್ನುವ ಸಮಾಧಾನ ಅವರಿಗೆ ಉಳಿಯಿತು. ಈ ಘಟನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವೆಂಟ್ನರ್ ಎಂಬ ಕಡಲತೀರದ ಊರಿನಲ್ಲಿ ಸಸ್ಯಾಹಾರ ಪ್ರಚಾರದ ಸಭೆಯಲ್ಲೂ ಹೀಗೇ ಆಯಿತು. ಒಂದು ಹಾಳೆಯನ್ನೂ ಮೀರದ ಭಾಷಣ ಬರೆದಿದ್ದರು. ನಿಂತರೆ ಕಣ್ಣು ಮಂಜಾಯಿತು, ಅಕ್ಷರ ಕಾಣಲಿಲ್ಲ. ಜೊತೆಗಿದ್ದ ಗೆಳೆಯ ಮಜುಮ್‌ದಾರ್ ಓದಿದರು. ತನ್ನ ಮಾತನ್ನು ಇನ್ನೊಬ್ಬರು ಓದಬೇಕಾಗಿ ಬಂದಾಗ ಆ ಹುಡುಗನಿಗೆ ಎಷ್ಟು ಸಂಕಟ ಆಗಿರಬೇಕು ಅಂತ ನನಗೆ ಗೊತ್ತು! 1891ರಲ್ಲಿ ಬ್ಯಾರಿಸ್ಟರ್ ಆಗಿ ಊರಿಗೆ ಹೊರಡುವ ಮುನ್ನ ಹಾಲ್ಬರ್ನ್ ರೆಸ್ಟೋರೆಂಟಿನಲ್ಲಿ ಗೆಳೆಯರಿಗೆ ಊಟ ಹಾಕಿಸಿದರು. ನಗಿಸಬೇಕೆಂದು ಒಂದು ತಮಾಷೆಯ ಪ್ರಸಂಗವನ್ನೂ ಸಿದ್ಧಮಾಡಿಕೊಂಡಿದ್ದರು. ಮೊದಲ ವಾಕ್ಯ ದಾಟಿದ ಮೇಲೆ ಎಲ್ಲ ಮರೆತು, ಬಂದದ್ದಕ್ಕೆ ವಂದನೆ ಹೇಳಿ ಕೂತುಬಿಟ್ಟರು.

ನಾಚಿಕೆ ಸಭೆಯಲ್ಲಿ ಕಾಡಿದರೆ ಅವಮಾನ ಅಷ್ಟೇ, ಹೊಟ್ಟೆಪಾಡಿನಲ್ಲಿ ಕಾಡಿದರೆ? ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಅವರಿಗೆ ಮೊದಲ ಕೇಸು ಸಿಕ್ಕಿತು. ಮಾಮೀಬಾಯಿ ಎಂಬಾಕೆಯ ಕೇಸು, ಫೀಸು 30 ರೂಪಾಯಿ. ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಲು ಎದ್ದು ನಿಂತರು. ಕೋರ್ಟೇ ತಿರುಗಿದ ಹಾಗಾಯಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತುಬಿಟ್ಟು, ಈ ಕೇಸು ನನ್ನಿಂದಾಗದು ಅಂತ ಒಪ್ಪಿಕೊಂಡು, ಫೀಸು ವಾಪಸು ಕೊಟ್ಟು ಹೊರಗೆ ನಡೆದರು. ದಕ್ಷಿಣ ಆಫ್ರಿಕಾಕ್ಕೆ ಹೋಗುವವರೆಗೆ ಮತ್ತೆ ಕೋರ್ಟಿನಲ್ಲಿ ವಾದಕ್ಕೆ ನಿಲ್ಲಲಿಲ್ಲ. ರಾಜಕೋಟೆಗೆ ಮರಳಿ ಅರ್ಜಿ ಬರೆದುಕೊಟ್ಟು ಸಂಪಾದನೆ ಮಾಡಿಕೊಂಡರು.

ಹಾಗಾದರೆ ಬದಲಾದದ್ದು ಯಾವಾಗ? 1893ರಲ್ಲಿ ಒಂದು ವರ್ಷದ ಕೆಲಸಕ್ಕೆಂದು ದಾದಾ ಅಬ್ದುಲ್ಲಾ ಅವರ ವ್ಯಾಪಾರದ ಕೇಸು ನೋಡಿಕೊಳ್ಳಲು ಅವರು ದಕ್ಷಿಣ ಆಫ್ರಿಕಾಕ್ಕೆ ಹೋದರು. ಆ ಕೇಸು ಪೂರ್ತಿ ಲೆಕ್ಕಪತ್ರದ್ದು. ಇವರಿಗೆ ಲೆಕ್ಕ ಬರೆಯುವ ಪದ್ಧತಿಯ ಗಂಧವೂ ಇರಲಿಲ್ಲ. ಪುಸ್ತಕ ಕೊಂಡು ಓದಿದರು, ಕಾಗದಪತ್ರ ಒಂದೂ ಬಿಡದೆ ನೋಡಿದರು. ಎರಡೂ ಕಡೆಯವರಿಗಿಂತ ಹೆಚ್ಚು ವಿವರ ತಿಳಿದಿದೆ ಅನ್ನುವ ಮಟ್ಟಕ್ಕೆ ಬಂದಾಗ ಕಾಲ ಕೆಳಗೆ ನೆಲ ಗಟ್ಟಿಯಾಯಿತು. ಅದೇ ವರ್ಷ ಮೊದಲ ದರ್ಜೆಯ ಟಿಕೆಟ್ ಇದ್ದರೂ ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ಅವರನ್ನು ರೈಲಿನಿಂದ ಹೊರದಬ್ಬಿದ್ದು ನಮಗೆಲ್ಲ ಗೊತ್ತು. ಅದಾದ ಕೆಲವೇ ದಿನಕ್ಕೆ ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯರನ್ನೆಲ್ಲ ಒಂದು ಮನೆಯಲ್ಲಿ ಸೇರಿಸಿ ಮಾತಾಡಿದರು. ವ್ಯಾಪಾರದಲ್ಲಿ ಸತ್ಯ ಅನ್ನುವುದು ವಿಷಯ. ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣ ಅಂತ ಅವರೇ ಎಣಿಸುವುದು ಇದನ್ನು. ಅಲ್ಲಿದ್ದವರು ತಮ್ಮ ಹಾಗೇ ಅವಮಾನ ಉಂಡವರು. ಅವರಿಗೆ ಇಂಗ್ಲಿಷ್ ಕಲಿಸಿಕೊಡುತ್ತೇನೆ ಅಂತಲೂ ಒಪ್ಪಿಕೊಂಡರು. ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವ ಕಲಿಯಲು ಮುಂದೆ ಬಂದರು.

ಮರುವರ್ಷ 1894ರಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಶುರುವಾಯಿತು. ಅದಾಗಿ ಸ್ವಲ್ಪ ದಿನಕ್ಕೆ ಡರ್ಬನ್ನಿನ ಅವರ ಆಫೀಸಿಗೆ ತಮಿಳು ಮಾತಾಡುವ ಒಬ್ಬ ಕೂಲಿಯಾಳು ಬಂದ. ಹೆಸರು ಬಾಲಸುಂದರಂ. ಬಟ್ಟೆ ಹರಿದಿತ್ತು, ಮುಂದಿನ ಎರಡು ಹಲ್ಲು ಮುರಿದು ಬಾಯಲ್ಲಿ ರಕ್ತ ಸುರಿಯುತ್ತಿತ್ತು. ಕರಾರಿನ ಮೇಲೆ ದುಡಿಸಿಕೊಳ್ಳುತ್ತಿದ್ದ ಯಜಮಾನ ಹೊಡೆದಿದ್ದ. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ, ಯಾಕೆಂದರೆ ಬಿಳಿಯರೆದುರು ಕೂಲಿಗಳು ಹಾಗೇ ನಿಲ್ಲಬೇಕಿತ್ತು. ಗಾಂಧಿ ಮೊದಲು ಅವನಿಗೆ ರುಮಾಲು ಸುತ್ತಿಕೊಳ್ಳಲು ಹೇಳಿದರು. ತಮಿಳು ಬಲ್ಲ ಗುಮಾಸ್ತನ ಮೂಲಕ ಕಥೆ ಕೇಳಿದರು. ಡಾಕ್ಟರ ಸರ್ಟಿಫಿಕೇಟ್ ಮಾಡಿಸಿ ಮ್ಯಾಜಿಸ್ಟ್ರೇಟರ ಬಳಿ ಕರೆದುಕೊಂಡು ಹೋದರು, ಕೊನೆಗೆ ಅವನನ್ನು ಬೇರೆ ಯಜಮಾನನ ಕೈಕೆಳಗೆ ಸೇರಿಸಿದರು. ಆಮೇಲೆ ಕೂಲಿಯಾಳುಗಳು ಒಬ್ಬೊಬ್ಬರಾಗಿ ಅವರ ಬಳಿ ಬರತೊಡಗಿದರು. ಅವರ ದನಿಗೆ ಈಗ ಹೇಳಬೇಕಾದ ಕೆಲಸವೊಂದು ಸಿಕ್ಕಿತ್ತು.

1896ರಲ್ಲಿ ಅಲ್ಲಿನ ಭಾರತೀಯರ ಕಷ್ಟ ತಿಳಿಸಲು ದೇಶಕ್ಕೆ ಬಂದರು. ಹಡಗಿನಲ್ಲಿ ಬರುವಾಗ ಪುಸ್ತಕ ಇಟ್ಟುಕೊಂಡು ತಮಿಳು ಕಲಿಯುವ ಪ್ರಯತ್ನವನ್ನೂ ಮಾಡಿದರು. (ಮದುವೆಯಾಗಿ ಚೆನ್ನೈಗೆ ಬಂದು ತಮಿಳು ಕಲಿತ ನಮ್ಮಂಥವರು ಇಲ್ಲಿ ಸ್ವಲ್ಪ ನಗಬಹುದು.) ರಾಜಕೋಟೆಯಲ್ಲಿ ಕೂತು ಒಂದು ಕಿರುಪುಸ್ತಕ ಬರೆದರು. ಹೊದಿಕೆ ಹಸಿರಾಗಿದ್ದರಿಂದ ಹಸಿರು ಪುಸ್ತಕ ಅಂತಲೇ ಅದಕ್ಕೆ ಹೆಸರಾಯಿತು.

ಸೆಪ್ಟೆಂಬರ್ 26ರಂದು ಮುಂಬಯಿಯಲ್ಲಿ ಸಭೆ. ಫಿರೋಜ್ ಶಾ ಮೆಹ್ತಾ ಅವರು ಅನುಭವಸ್ಥರು. ಭಾಷಣ ಬರೆದು ಮೊದಲೇ ಅಚ್ಚು ಹಾಕಿಸಬೇಕೆಂದು ಒತ್ತಾಯಿಸಿದ್ದರು. ಒಳ್ಳೆಯದೇ ಆಯಿತು. ತುಂಬಿದ ಸಭಾಂಗಣ ಕಂಡು ಗಾಂಧಿ ಮತ್ತೆ ನಡುಗಿದರು, ದನಿ ಕುಗ್ಗುತ್ತಾ ಹೋಯಿತು. ಗೆಳೆಯ ಕೇಶವರಾವ್ ದೇಶಪಾಂಡೆ ಕಾಗದ ತೆಗೆದುಕೊಂಡು ಓದತೊಡಗಿದರು. ಜನ ದಿನ್‌ಶಾ ವಾಚಾ ಅವರೇ ಓದಬೇಕೆಂದು ಕೂಗಿದರು. ವಾಚಾ ಓದಿದ ಮೇಲೆ ಸಭೆ ಮಂತ್ರಮುಗ್ಧವಾಗಿ ಕೇಳಿತು.

ಅದಾದ ಸರಿಯಾಗಿ ಒಂದು ತಿಂಗಳಿಗೆ, ಅಕ್ಟೋಬರ್ 26ರಂದು, ನಮ್ಮೂರಿನ ಸಭೆ. ಜಾಗ ಜಾರ್ಜ್ ಟೌನಿನ ಪಚ್ಚೈಯಪ್ಪ ಹಾಲ್. ಪ್ಯಾರೀಸ್ ಕಾರ್ನರ್ ಕಡೆ ಹೋದಾಗ ಎನ್.ಎಸ್.ಸಿ. ಬೋಸ್ ರಸ್ತೆಯಲ್ಲಿ ಎತ್ತರದ ಕಂಬಗಳ ಆ ಹಳೆಯ ಕಟ್ಟಡ ಕಾಣುತ್ತದೆ. ಮದ್ರಾಸ್ ಸ್ಟ್ಯಾಂಡರ್ಡ್ ಪತ್ರಿಕೆಯ ಸಂಪಾದಕ ಜಿ. ಪರಮೇಶ್ವರನ್ ಪಿಳ್ಳೆ ಪತ್ರಿಕೆಯ ಪುಟಗಳನ್ನೇ ಅವರಿಗೆ ಬಿಟ್ಟುಕೊಟ್ಟಿದ್ದರು. ಹಿಂದೂ ಪತ್ರಿಕೆಯ ಜಿ. ಸುಬ್ರಹ್ಮಣ್ಯ ಅಯ್ಯರ್ ಅವರ ಸಹಾನುಭೂತಿಯೂ ಇತ್ತು. ಇಲ್ಲಿಯೂ ಭಾಷಣ ಮೊದಲೇ ಅಚ್ಚಾಗಿತ್ತು. ಅವರ ಮಟ್ಟಿಗೆ ತುಸು ಉದ್ದವೇ ಆಗಿತ್ತು. ಜನ ಒಂದೊಂದು ಮಾತನ್ನೂ ಗಮನವಿಟ್ಟು ಕೇಳಿದರು. ಬಾಲಸುಂದರಂ ಪ್ರಸಂಗ ಅವರ ಮನಸ್ಸನ್ನು ಕಲಕಿತು. ಹಲ್ಲು ಮುರಿಸಿಕೊಂಡವನು ಅವರದೇ ಭಾಷೆಯ ಮನುಷ್ಯ, ಅವರದೇ ಮನೆಯ ಮಗ. ಸಭೆ ಮುಗಿದ ಮೇಲೆ ಹಸಿರು ಪುಸ್ತಕಕ್ಕೆ ಜನ ಮುಗಿಬಿದ್ದರು. ಮದ್ರಾಸಿನಲ್ಲೇ ತಿದ್ದಿದ ಎರಡನೆಯ ಮುದ್ರಣ 10,000 ಪ್ರತಿ ಹಾಕಿಸಬೇಕಾಯಿತು.

ಅಲ್ಲಿಗೆ ಭಯ ಹೋಯಿತು, ಶುಭಂ ಅಂತ ಮುಗಿಸಿದರೆ ಸುಳ್ಳು ಹೇಳಿದ ಹಾಗೆ. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ದಕ್ಷಿಣ ಆಫ್ರಿಕಾದ ನಿರ್ಣಯ ಮಂಡಿಸಲು ಐದು ನಿಮಿಷ ಸಿಕ್ಕಾಗ ಮತ್ತೆ ನಡುಗುತ್ತಲೇ ನಿಂತರು. ಮಾತು ಮುಗಿಯುವ ಮುನ್ನವೇ ಗಂಟೆ ಬಾರಿಸಿತು. ಅದು ಇನ್ನೆರಡು ನಿಮಿಷ ಇದೆ ಅನ್ನುವ ಸೂಚನೆ ಅಂತ ತಿಳಿಯದೆ, ನೊಂದುಕೊಂಡು ಕೂತುಬಿಟ್ಟರು. ಗಂಟೆ ಬಾರಿಸಿದ ಅಧ್ಯಕ್ಷರು ಯಾರು ಗೊತ್ತೇ? ಐದು ವರ್ಷದ ಹಿಂದೆ ಅವರ ಭಾಷಣ ಓದಿಕೊಟ್ಟ ಅದೇ ವಾಚಾ!

ಆದರೆ ಅವರು ಸಭೆ ಬಿಟ್ಟು ಓಡಲಿಲ್ಲ. 1918ರ ದೊಡ್ಡ ಕಾಯಿಲೆಯ ನಂತರ ನಿಂತು ಮಾತಾಡಿದರೆ ಮೈ ನಡುಗಿ ಎದೆ ಬಡಿದುಕೊಳ್ಳುತ್ತಿತ್ತು. ಆದರೂ 1919ರ ಮಾರ್ಚಿನಲ್ಲಿ ರೌಲತ್ ಕಾಯ್ದೆಯ ವಿರುದ್ಧ ಮಾತಾಡಲು ಮತ್ತೆ ಮದ್ರಾಸಿಗೆ ಬಂದರು. ಆಗ ಅವರು ಕೆಥೀಡ್ರಲ್ ರಸ್ತೆಯ ಮನೆಯಲ್ಲಿ ರಾಜಾಜಿಯವರ ಅತಿಥಿ. ದೇಶವೇ ಒಂದು ದಿನ ಕೆಲಸ ನಿಲ್ಲಿಸಿ ಉಪವಾಸ ಮಾಡಲಿ ಅನ್ನುವ ಹರತಾಳದ ಯೋಚನೆ ಒಂದು ಬೆಳಗಿನ ಜಾವ ಅವರಿಗೆ ಹೊಳೆದದ್ದು ಅಲ್ಲೇ. ನಿಂತು ಮಾತಾಡಲು ಆಗದ ಮನುಷ್ಯನ ಮಾತಿಗೆ ಆ ಏಪ್ರಿಲ್ 6ರಂದು ದೇಶದ ಊರೂರು ಅಂಗಡಿ ಮುಚ್ಚಿತು. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ಸಿಗೆ ಅವರು ಅಧ್ಯಕ್ಷರಾದರು. ಬದುಕಿನಲ್ಲಿ ಅವರು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಅದೊಂದೇ ಸಲ. 1948ರ ಜನವರಿ 30ರಂದು ತೀರಿಕೊಂಡಾಗಲೂ ಅವರು ಹೊರಟಿದ್ದು ಜನ ಕಾಯುತ್ತಿದ್ದ ಪ್ರಾರ್ಥನಾ ಸಭೆಗೇ.

ನಾಚಿಕೆ ಪೂರ್ತಿ ಹೋಗಲೇ ಇಲ್ಲ ಅಂತ ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಅದರಿಂದ ನಷ್ಟಕ್ಕಿಂತ ಲಾಭವೇ ಹೆಚ್ಚಾಯಿತು ಅಂತಲೂ ಹೇಳುತ್ತಾರೆ. ತೂಗಿ ಮಾತಾಡುವುದು, ಕಡಿಮೆ ಮಾತಾಡುವುದು ಅದರಿಂದಲೇ ಬಂತಂತೆ.

ನನಗೆ ಈ ಬದುಕಿನಲ್ಲಿ ಕಂಡದ್ದು ಇಷ್ಟು. ಬೀಳ್ಕೊಡುಗೆಯಲ್ಲಿ, ಊಟದ ಕೂಟದಲ್ಲಿ, ತಾನು ಹೇಗೆ ಕಾಣುತ್ತೇನೆ ಅನ್ನುವ ಕಡೆಯೇ ಗಮನ ಇದ್ದಾಗ ಅವರ ನಾಲಿಗೆ ಕಟ್ಟಿತು. ಅಲಿನ್ಸನ್‌ಗಾಗಿ ಅವರು ಬರೆದಾದರೂ ತಂದರು. ಬಾಲಸುಂದರಂ ಪರವಾಗಿ ಸಮುದ್ರ ದಾಟಿ ಬಂದರು. ದನಿ ಬರದಿದ್ದಾಗ ಬೇರೆಯವರ ಕೈಗೆ ಕಾಗದ ಕೊಟ್ಟರು, ನಿಲ್ಲಲಾಗದಿದ್ದಾಗ ಕೂತು ಮಾತಾಡಿದರು. ಹೇಳಬೇಕಾದ ವಿಷಯವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬರಲಿಲ್ಲ.

ಮುಂದಿನ ಪ್ರೆಸೆಂಟೇಷನ್ನಿಗೆ ನಾನು ಸ್ಲೈಡ್ ಮಾಡುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಂಡೆ: ಈ ಬದಲಾವಣೆ ಆಗದಿದ್ದರೆ ಯಾರಿಗೆ ತೊಂದರೆ? ನಮ್ಮ ಟೀಮಿನಲ್ಲಿ ರಾತ್ರಿ ಪಾಳಿಯ ಹುಡುಗಿಯರಿದ್ದಾರೆ. ಸುಳ್ಳು ಅಲಾರಂಗಳಿಗೆಲ್ಲ ಬೆಳಗಿನವರೆಗೆ ಓಡಾಡುವವರು ಅವರು. ಅವರ ಒಂದು ತಿಂಗಳ ಲಾಗ್ ಪೂರ್ತಿ ಓದಿಕೊಂಡು ಹೋದೆ. ಮೊದಲ ಎರಡು ನಿಮಿಷ ದನಿ ನಡುಗಿತು. ಅವರ ವಿಷಯ ಬಂದ ಮೇಲೆ ನನ್ನ ದನಿಯ ಕಡೆ ಗಮನವೇ ಹೋಗಲಿಲ್ಲ. ಮುಂದಿನ ಸಲವೂ ನಡುಗಬಹುದು. ನಡುಗಲಿ.

ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಅಡುಗೆ, ರಂಗೋಲಿ, ಹಾಡು ಅಂದರೆ ನಾವೆಲ್ಲ ಮುಂದೆ. ವಂದನಾರ್ಪಣೆ ಯಾರು ಮಾಡುತ್ತೀರಿ ಅಂದರೆ ಎಲ್ಲರಿಗೂ ಅಡುಗೆಮನೆಯಲ್ಲಿ ತುರ್ತು ಕೆಲಸ ನೆನಪಾಗುತ್ತದೆ. ಈ ಸಲ ಹಾಗೆ ಮಾಡದಿರೋಣ. ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ದನಿ ನಿಂತರೆ ಪಕ್ಕದಲ್ಲಿ ನಾನಿರುತ್ತೇನೆ, ಉಳಿದದ್ದನ್ನು ನಾನು ಓದುತ್ತೇನೆ. ನನ್ನ ದನಿ ನಿಂತರೆ ನೀವು ಓದಿ.