ಜಯಚಾಮರಾಜ ಒಡೆಯರ್

ಜಯಚಾಮರಾಜ ಒಡೆಯರ್ (18 ಜುಲೈ 1919 – 23 ಸೆಪ್ಟೆಂಬರ್ 1974) ಅವರು ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರು ಹಾಗೂ ವಾಗ್ಗೇಯಕಾರರು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರು ತಮ್ಮ ಪಿಯಾನೋ ಕೃತಿಗಳನ್ನು ಸ್ವತಃ ನುಡಿಸಿದ ಧ್ವನಿಮುದ್ರಿಕೆಗಳು ಇಂದು ಉಳಿದಿರುವುದಕ್ಕೆ ಬಹುಮಟ್ಟಿಗೆ ಇವರ ಪೋಷಣೆಯೇ ಕಾರಣ.

ಬಾಲ್ಯ ಮತ್ತು ಪಟ್ಟಾಭಿಷೇಕ

ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಮತ್ತು ಕೆಂಪುಚೆಲುವಾಜಮ್ಮಣ್ಣಿಯವರ ಪುತ್ರರಾಗಿ ಮೈಸೂರಿನಲ್ಲಿ ಜನಿಸಿದರು. ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವಿ ಪಡೆದರು. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರೊಡನೆ ಪಾಶ್ಚಾತ್ಯ ವಾದ್ಯಮೇಳವೂ ಇದ್ದುದರಿಂದ ಎರಡೂ ಸಂಗೀತ ಪದ್ಧತಿಗಳು ಅವರ ಕಿವಿಗೆ ಎಳವೆಯಲ್ಲಿಯೇ ಬಿದ್ದವು. ಪಿಯಾನೋ ವಾದನದಲ್ಲಿ ಗಂಭೀರವಾದ ಪರಿಶ್ರಮ ಮಾಡಿ, ಕಛೇರಿ ನೀಡುವ ಕಲಾವಿದರಾಗಬೇಕೆಂಬ ಹಂಬಲವನ್ನು ಇಟ್ಟುಕೊಂಡಿದ್ದರು.

ಆ ಹಂಬಲಕ್ಕೆ 1940ನೆಯ ಇಸವಿ ತೆರೆ ಎಳೆಯಿತು. ಮಾರ್ಚ್ ತಿಂಗಳಲ್ಲಿ ತಂದೆ ತೀರಿಕೊಂಡರು. ಆಗಸ್ಟ್ 3ರಂದು ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ಕಾಲವಾದರು. ಇಪ್ಪತ್ತೊಂದರ ತರುಣ ಸೆಪ್ಟೆಂಬರಿನಲ್ಲಿ ಸಿಂಹಾಸನವೇರಬೇಕಾಯಿತು. ಅದೇ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಿಂದ ಬೆಂಗಳೂರಿನ ಪೂರ್ವಕ್ಕೆ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಕಗ್ಗದಾಸಪುರ, ವಿಮಾನಪುರಗಳ ಇಂದಿನ ನಿವಾಸಿಗಳಿಗೆ ಈ ಆಳ್ವಿಕೆಯ ಪರಿಚಯ ಸಂಗೀತಕ್ಕಿಂತ ಹೆಚ್ಚಾಗಿ ಈ ಕಾರ್ಖಾನೆಯ ಮೂಲಕವೇ ಇದ್ದೀತು.

ದೊರೆತನದ ನಡುವೆಯೂ ಅಭ್ಯಾಸ ನಿಲ್ಲಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಸ್ಥಾನವೂ ದೊರೆತವು.

ಮೆಟ್ನರ್ ಧ್ವನಿಮುದ್ರಿಕೆಗಳು

1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್, ಕ್ರಾಂತಿಯ ಬಳಿಕ ದೇಶ ಬಿಟ್ಟು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದರು. ರಾಖ್ಮನಿನೊಫ್ ಅವರ ಆಪ್ತ ಗೆಳೆಯರಾಗಿದ್ದರೂ ಅವರ ಖ್ಯಾತಿ ಇವರಿಗೆ ಒಲಿದಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಹೃದ್ರೋಗವೂ ಹಣದ ಅಡಚಣೆಯೂ ಅವರನ್ನು ಬಾಧಿಸುತ್ತಿದ್ದವು. ಈ ರಚನೆಗಳನ್ನು ಬಹುವಾಗಿ ಮೆಚ್ಚಿದ್ದ ಮಹಾರಾಜರು ಮೆಟ್ನರ್ ಸೊಸೈಟಿಯ ಸ್ಥಾಪನೆಗೆ ಹಣ ಒದಗಿಸಿದರು. ವಾದಕರು ಮೆಟ್ನರ್ ತಾವೇ. ಮೇಳ ಲಂಡನ್ನಿನ ಫಿಲ್‌ಹಾರ್ಮೋನಿಯ. ಪ್ರಕಟಿಸಿದ್ದು ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆ. ಮೂರು ಪಿಯಾನೋ ಕಾನ್ಚೆರ್ಟೊಗಳ ಪೈಕಿ ಮೊದಲನೆಯದನ್ನು ಜಾರ್ಜ್ ವೆಲ್ಡನ್, ಉಳಿದೆರಡನ್ನು ಇಸ್ಸಾಯ್ ದೊಬ್ರೊವೆನ್ ನಿರ್ದೇಶಿಸಿದರು.

ಕಾನ್ಚೆರ್ಟೊ ಎಂದರೆ ಒಂದು ವಾದ್ಯಕ್ಕೂ ಇಡೀ ಮೇಳಕ್ಕೂ ನಡೆಯುವ ಸಂವಾದರೂಪದ ರಚನೆ. ಮೊದಲ ಎರಡು ಸಿ ಮೈನರ್ ಶ್ರುತಿಯಲ್ಲಿವೆ. ಮೂರನೆಯದು ಇ ಮೈನರ್ ಶ್ರುತಿಯದು. ಇದನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾರೆ. ಮೈನರ್ ಶ್ರೇಣಿಯ ಶುದ್ಧ ರೂಪದ ಸ್ವರಗಳು ನಮ್ಮ ನಟಭೈರವಿಗೂ, ಅದರ ಹಾರ್ಮೋನಿಕ್ ರೂಪದವು ಕೀರವಾಣಿಗೂ ಸಮನಾಗುತ್ತವೆ. ಆದರೆ ರಾಗದಂತೆ ಅಲ್ಲಿ ಒಂದೇ ಶ್ರೇಣಿಯಲ್ಲಿ ನಿಂತು ಬೆಳೆಸುವ ಕ್ರಮವಿಲ್ಲ. ಶ್ರುತಿಯಿಂದ ಶ್ರುತಿಗೆ ಸರಿಯುತ್ತ ಮೂಲಕ್ಕೆ ಮರಳುವುದರಲ್ಲಿಯೇ ಅದರ ಭಾವ ಅಡಗಿದೆ.

ಮೂರನೆಯ ಕಾನ್ಚೆರ್ಟೊಗೆ ‘ಬ್ಯಾಲಡ್’ ಎಂಬ ಉಪನಾಮವಿದೆ. ಇದರ ಹಿನ್ನೆಲೆಯಲ್ಲಿರುವುದು ಜಲಕನ್ಯೆ ಹಾಗೂ ನೀರಿನಾಳದಲ್ಲಿ ಮಲಗಿರುವ ಯೋಧನನ್ನು ಕುರಿತ ಲೆರ್ಮೊಂತೊವ್ ಕವಿತೆ. ಮೊದಲ ಭಾಗದ ಕಾಲಪ್ರಮಾಣ ವಿಶಾಲವಾದದ್ದು, ಆದರೆ ಜಡವಲ್ಲ. ನೀರಿನ ಅಲೆಯಂತೆ ಸಾಗುತ್ತದೆ. ನಡುವಣ ಭಾಗ ಚಿಕ್ಕದು, ನಿಗೂಢ ಭಾವದ್ದು. ಕಡೆಯ ಭಾಗ ದ್ರುತಗತಿಯದು. ಕವಿತೆಯಲ್ಲಿ ಏಳದ ಯೋಧ ಇಲ್ಲಿ ಎಚ್ಚರಗೊಳ್ಳುತ್ತಾನೆ. ಸಂಗೀತವೂ ಮೈನರಿನ ಮಬ್ಬಿನಿಂದ ಮೇಜರ್ ಶ್ರೇಣಿಗೆ ಏರಿ ಮುಗಿಯುತ್ತದೆ. ಮೂರು ಭಾಗಗಳೂ ನಡುವೆ ನಿಲುಗಡೆಯಿಲ್ಲದೆ ಹರಿಯಬೇಕಾದವು. ಅಂದಿನ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಾದರೋ ನಾಲ್ಕೈದು ನಿಮಿಷಕ್ಕೆ ಮುಗಿಯುತ್ತಿತ್ತು. ಹೀಗಾಗಿ ಅಖಂಡ ಕೃತಿಯನ್ನು ತುಂಡುತುಂಡಾಗಿ ನುಡಿಸಿ, ಪ್ರತಿ ಬಾರಿಯೂ ಬಿಟ್ಟ ಕಾಲಪ್ರಮಾಣವನ್ನೇ ಹಿಡಿಯಬೇಕಿತ್ತು. ಅರವತ್ತೇಳರ ಆಸುಪಾಸಿನ ರೋಗಿಷ್ಠ ವಾದಕರಿಗೆ ಅದು ಸಣ್ಣ ಶ್ರಮವಲ್ಲ. ಮೆಟ್ನರ್ 1951ರ ನವೆಂಬರಿನಲ್ಲಿ ನಿಧನರಾದರು. ಕೆಲವೇ ವರ್ಷ ತಡವಾಗಿದ್ದರೂ ಈ ಮುದ್ರಿಕೆಗಳು ಆಗುತ್ತಿರಲಿಲ್ಲ.

ಫಿಲ್‌ಹಾರ್ಮೋನಿಯ ಮತ್ತು ಸ್ಟ್ರಾಸ್ ಗೀತೆಗಳು

ವಾಲ್ಟರ್ ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯ ಮೇಳಕ್ಕೆ ಮಹಾರಾಜರು ಧನಸಹಾಯ ನೀಡಿದರು. 1948ರಲ್ಲಿ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗ ನಡೆದಾಗ ಅದರ ಖರ್ಚಿಗೆ ಭರವಸೆಯಾಗಿ ನಿಂತವರೂ ಇವರೇ. ಅಂದು ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಕರು ಫುರ್ಟ್‌ವೆಂಗ್ಲರ್.

ಇದೇ ವರ್ಷಗಳಲ್ಲಿ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆದಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದ ಸರ್ಕಾರ ಅಧಿಕಾರಕ್ಕೆ ಬಂದಿತು. ರಾಜರ ಸಂಗೀತ ಪೋಷಣೆ ಎಷ್ಟೇ ಶ್ಲಾಘ್ಯವಾದರೂ ಅದರ ಹಣ ಸಂಸ್ಥಾನದ ಸಂಪತ್ತಿನಿಂದಲೇ ಬಂದದ್ದು.

ಕರ್ನಾಟಕ ಸಂಗೀತ ರಚನೆಗಳು

ಪಿಯಾನೋ ಕಲಿತ ಕೈ ವೀಣೆಯನ್ನೂ ಹಿಡಿಯಿತು. ವೀಣೆ ವೆಂಕಟಗಿರಿಯಪ್ಪನವರಲ್ಲಿ ಅಭ್ಯಾಸ ಮಾಡಿ, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ರಚನೆಗೆ ತೊಡಗಿದರು. ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳು ಇವರವು. ಗಂಭೀರನಾಟ ರಾಗದ ‘ಶ್ರೀ ಜಾಲಂಧರ’ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತದೆ.

ಕೊನೆಯ ವರ್ಷಗಳು

1950ರಿಂದ 1956ರವರೆಗೆ ರಾಜಪ್ರಮುಖರಾಗಿ, 1964ರವರೆಗೆ ಮೈಸೂರು ರಾಜ್ಯದ, ಅನಂತರ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿ ಕಾರ್ಯನಿರ್ವಹಿಸಿದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋ ಗೌರವ ಸಂದಿತು. 55ನೆಯ ವಯಸ್ಸಿನಲ್ಲಿ ಬೆಂಗಳೂರಿನ ಅರಮನೆಯಲ್ಲಿ ನಿಧನರಾದರು. ಮೆಟ್ನರ್ ಮುದ್ರಿಕೆಗಳು ಮುಂದೆ ಕಾಂಪ್ಯಾಕ್ಟ್ ಡಿಸ್ಕ್ ರೂಪದಲ್ಲಿ ಮರುಪ್ರಕಟಗೊಂಡವು.